ಎನ್‌ಕಂಬರ್ಡ್: ಪದವನ್ನು ಬಿಡಿಸಿ ಓದುವುದು, ಪತ್ರದಲ್ಲಿ ಪತ್ತೆ ಹಚ್ಚುವುದು

ಸೈಟು, ಹೊಲ, ಫ್ಲ್ಯಾಟು ಕೊಳ್ಳಲು ಹೊರಟವರಿಗೆ 'ಇಸಿ ತೆಗೆಸಿದಿರಾ?' ಎಂಬ ಪ್ರಶ್ನೆ ಮೊದಲ ದಿನವೇ ಎದುರಾಗುತ್ತದೆ. ಇಸಿ ಎಂದರೆ ಎನ್‌ಕಂಬ್ರನ್ಸ್ ಸರ್ಟಿಫಿಕೇಟ್, ಕನ್ನಡದಲ್ಲಿ ಋಣಭಾರ ಪ್ರಮಾಣ ಪತ್ರ. ಅದರೊಳಗೆ ಕೂತಿರುವ ಇಂಗ್ಲಿಷ್ ಕ್ರಿಯಾಪದ ಎನ್‌ಕಂಬರ್. ಇದೇ ಪದ 'ಎನ್‌ಕಂಬರ್ಡ್' ಎಂಬ ರೂಪದಲ್ಲಿ ಷೇರುಪೇಟೆಯ ಸುದ್ದಿಯಲ್ಲಿ, ಹೆದ್ದಾರಿ ಕಾಮಗಾರಿಯ ವರದಿಯಲ್ಲಿ, ಅಮೆರಿಕಕ್ಕೆ ಹೊರಟ ನರ್ಸ್‌ಗಳ ಅರ್ಜಿಯಲ್ಲಿ ಸಿಗುತ್ತದೆ. ಎಲ್ಲ ಕಡೆಯೂ 'ಸಾಲ ಇರುವ' ಎಂದೇ ಓದಿಕೊಂಡರೆ ಅರ್ಧ ಕಡೆ ತಪ್ಪಾಗುತ್ತದೆ. ಪತ್ರಿಕೆ ಓದುವಾಗ ಆಗುವ ತಪ್ಪು ಸಣ್ಣದು. ಆಸ್ತಿಪತ್ರ ಓದುವಾಗ ಆಗುವ ತಪ್ಪಿಗೆ ಜನ ಜೀವಮಾನದ ಉಳಿತಾಯ ಕಳೆದುಕೊಂಡಿದ್ದಾರೆ. ಅದಕ್ಕಾಗಿ ಇಲ್ಲಿ ಪದವನ್ನು ಮೊದಲು ನೋಡಿ, ಆಮೇಲೆ ಅದು ಹೆಚ್ಚು ಕೆಲಸ ಮಾಡುವ ಜಾಗವಾದ ಇಸಿಯನ್ನು ಸಾಲುಸಾಲಾಗಿ ಓದೋಣ.

ಪದದ ಬೇರು

ಎನ್‌ಕಂಬರ್ ಹಳೆಯ ಫ್ರೆಂಚ್‌ನಿಂದ ಬಂದದ್ದು, ಇಂಗ್ಲಿಷಿಗೆ 14ನೇ ಶತಮಾನದಲ್ಲಿ ಸೇರಿತು. ಫ್ರೆಂಚ್‌ನಲ್ಲಿ ಅದಕ್ಕಿದ್ದ ಅರ್ಥ ದಾರಿಗೆ ಅಡ್ಡ ಹಾಕು, ತಡೆ ಒಡ್ಡು. ಅಡ್ಡಗಟ್ಟೆ, ತಡೆ ಎಂಬ ಅರ್ಥದ ನಾಮಪದವೇ ಅದರ ಮೂಲ. ಭಾರ, ಹೊರೆ ಎಂಬುದು ನಂತರ ಕೂಡಿಕೊಂಡ ಅರ್ಥ. 'ಕಂಬರ್ಸಮ್' ಎಂಬ ಪದವೂ ಇದೇ ಬೇರಿನದು: ಹಿಡಿಯಲು, ಸಾಗಿಸಲು, ಮಾಡಲು ತೊಡಕಾಗುವ ವಸ್ತು ಅಥವಾ ಕೆಲಸ.

ಇದನ್ನು ನೆನಪಿಟ್ಟರೆ ಬಳಕೆ ತಾನಾಗಿ ತಿಳಿಯಾಗುತ್ತದೆ. ತಲೆಯ ಮೇಲೆ ಮೂಟೆ ಹೊತ್ತವನಿಗೆ ಭಾರವಿದೆ. ಸೀರೆಯ ನೆರಿಗೆ ಕಾಲಿಗೆ ತೊಡರಿ ಓಡಲಾಗದವಳಿಗೆ ಭಾರವಿಲ್ಲ, ತೊಡಕಿದೆ. ಎನ್‌ಕಂಬರ್ಡ್ ಎರಡನೆಯದಕ್ಕೆ ಹತ್ತಿರ. ಸಾಗಬೇಕಾದದ್ದು ಸ್ವತಂತ್ರವಾಗಿ ಸಾಗಲಾರದ ಸ್ಥಿತಿ ಅದು. ಮೂರು ಚೀಲ, ಒಂದು ಕೊಡೆ, ಕಂಕುಳಲ್ಲಿ ಮಗು ಇಟ್ಟುಕೊಂಡು ಬಸ್ಸು ಹತ್ತುವವರು ಎನ್‌ಕಂಬರ್ಡ್. ಒಟ್ಟು ತೂಕ ಹತ್ತು ಕಿಲೋ ಇರದಿದ್ದರೂ ಸರಿ.

ಉಚ್ಚಾರದಲ್ಲಿ ಒತ್ತು 'ಕಂ' ಮೇಲೆ ಬೀಳುತ್ತದೆ, ಮೊದಲ ಅಕ್ಷರ 'ಇ' ಕಡೆಗೆ ವಾಲುತ್ತದೆ: ಇನ್‌-ಕಂ-ಬರ್. ನಾಮಪದಕ್ಕೆ ಮೂರೇ ಉಚ್ಚಾರಾಂಶ: ಇನ್‌-ಕಂ-ಬ್ರನ್ಸ್. ನಮ್ಮಲ್ಲಿ 'ಎನ್‌ಕಂಬರೆನ್ಸ್' ಎಂದು ಎಳೆಯುವುದರಿಂದ ಬರೆಯುವಾಗಲೂ ತಪ್ಪು ನುಸುಳುತ್ತದೆ. ಕ್ರಿಯಾಪದದಲ್ಲಿ ಬಿ ಮತ್ತು ಆರ್ ನಡುವೆ ಇರುವ ಇ ಅಕ್ಷರ ನಾಮಪದದಲ್ಲಿ ಬಿದ್ದುಹೋಗುತ್ತದೆ. ಅರ್ಜಿ, ಕರಾರುಗಳಲ್ಲಿ ಅತಿ ಹೆಚ್ಚು ಕಾಣುವ ಕಾಗುಣಿತ ದೋಷ ಇದೇ. ಇನ್ನೊಂದು ಗಮನಿಸಬೇಕಾದದ್ದು: 1882ರ ಆಸ್ತಿ ವರ್ಗಾವಣೆ ಕಾಯ್ದೆಯಲ್ಲಿ ಈ ಪದ ಇ ಬದಲು ಐ ಅಕ್ಷರದಿಂದ ಶುರುವಾಗುತ್ತದೆ. ಅದು ಮುದ್ರಣದೋಷವಲ್ಲ, ಆಗಿನ ರೂಢಿ. ಕಾಯ್ದೆಯ ಪಠ್ಯದಲ್ಲಿ ಪದ ಹುಡುಕುವಾಗ ಎರಡೂ ಕಾಗುಣಿತ ಹಾಕಿ ನೋಡಿ, ಇಲ್ಲದಿದ್ದರೆ ಮುಖ್ಯ ಕಲಮೇ ಕೈತಪ್ಪುತ್ತದೆ.

'ಇನ್‌ಕಂಬೆಂಟ್' ಜೊತೆ ಬೆರೆಸಬೇಡಿ. ಅದು ಲ್ಯಾಟಿನ್‌ನ ಬೇರೆ ಧಾತುವಿನಿಂದ ಬಂದದ್ದು. ಚುನಾವಣೆ ಸುದ್ದಿಯಲ್ಲಿ ಅದಕ್ಕೆ 'ಹಾಲಿ ಅಧಿಕಾರದಲ್ಲಿರುವ' ಎಂದೂ, ಕಾನೂನಿನ ವಾಕ್ಯದಲ್ಲಿ 'ಮಾಡಲೇಬೇಕಾದ ಕರ್ತವ್ಯ' ಎಂದೂ ಅರ್ಥ.

ಕನ್ನಡಕ್ಕೆ ತರುವಾಗ

ಸಾಮಾನ್ಯ ಬರಹದಲ್ಲಿ ಈ ಪದದ ಬೆನ್ನಿಗೆ 'ವಿತ್' ಅಥವಾ 'ಬೈ' ಬರುತ್ತದೆ. 'ವಿತ್' ಬಂದರೆ ಹೆಚ್ಚಾಗಿ ಕೈಗೆ, ಮೈಗೆ ಅಂಟಿದ ವಸ್ತು: ಸಾಮಾನು, ದಪ್ಪ ಬಟ್ಟೆ, ಸಲಕರಣೆ. 'ಬೈ' ಬಂದರೆ ಹೆಚ್ಚಾಗಿ ಕಣ್ಣಿಗೆ ಕಾಣದ ತಡೆ: ನಿಯಮ, ಸಾಲ, ಹಳೆಯ ಅಭ್ಯಾಸ, ಪೂರ್ವಗ್ರಹ. ಕಟ್ಟುನಿಟ್ಟಿನ ವ್ಯಾಕರಣ ನಿಯಮ ಇದಲ್ಲ, ಆದರೆ ಅನುವಾದಕ್ಕೆ ದಾರಿ ತೋರಿಸುತ್ತದೆ. ಮೊದಲನೆಯದಕ್ಕೆ 'ಕೈತುಂಬ ಸಾಮಾನಿದ್ದು ಓಡಾಡಲಾಗದ' ಎಂದು ಬಿಡಿಸಿ ಬರೆಯಿರಿ. ಎರಡನೆಯದಕ್ಕೆ 'ತೊಡಕು', 'ಕೈಕಟ್ಟು', 'ಅಡ್ಡಿ' ಒಗ್ಗುತ್ತವೆ. 'ನಿಯಮಗಳಿಂದ ಹೊರೆಯಾದ ಇಲಾಖೆ' ಎಂದು ಬರೆದರೆ ಕನ್ನಡದ ಓದುಗನಿಗೆ ಏನೂ ದಾಟುವುದಿಲ್ಲ. 'ನಿಯಮಗಳು ಇಲಾಖೆಯ ಕೈಕಟ್ಟಿವೆ' ಎಂದರೆ ತಕ್ಷಣ ತಿಳಿಯುತ್ತದೆ.

ನೆರೆಯ ಪದಗಳಿಂದ ಬೇರ್ಪಡಿಸಿಕೊಳ್ಳುವುದೂ ಮುಖ್ಯ. 'ಲೇಡನ್' ಎಂದರೆ ತುಂಬಿಕೊಂಡ, ಹೇರಿಕೊಂಡ. ಅದರಲ್ಲಿ ಕೆಡುಕಿನ ಸೂಚನೆ ಇರಲೇಬೇಕೆಂದಿಲ್ಲ, ಕಾಯಿ ತುಂಬಿ ಬಾಗಿದ ಮಾವಿನ ಮರವೂ ಲೇಡನ್. ಅದೇ ಮರವನ್ನು ಎನ್‌ಕಂಬರ್ಡ್ ಎನ್ನಲಾಗದು. 'ಸ್ಯಾಡಲ್ಡ್' ಎಂದರೆ ಬೇರೆಯವರು ತಂದು ತಲೆಗೆ ಕಟ್ಟಿದ್ದು. ಅಣ್ಣನ ಸಾಲ ತಮ್ಮನ ಕೊರಳಿಗೆ ಬಿದ್ದರೆ ಆ ಪದ. 'ಬರ್ಡನ್ಡ್' ಎನ್ನುವಾಗ ಹೊತ್ತವರ ನೋವು ಮುಖ್ಯ. 'ಹ್ಯಾಂಪರ್ಡ್' ಎನ್ನುವಾಗ ನಡೆಯುತ್ತಿದ್ದ ಕೆಲಸ ನಿಧಾನವಾದದ್ದು ಮುಖ್ಯ. ಈ ಎಲ್ಲದರ ನಡುವೆ ಎನ್‌ಕಂಬರ್ಡ್‌ಗೆ ಮಾತ್ರ ಇರುವ ಗುಣವೆಂದರೆ ಅದು ವಸ್ತುವಿಗೂ ಹಣಕ್ಕೂ ಹಕ್ಕಿಗೂ ಸಲೀಸಾಗಿ ಅನ್ವಯಿಸುತ್ತದೆ. ಜಮೀನಿಗೆ ನೋವಿಲ್ಲ, ಆದರೆ ಜಮೀನು ಎನ್‌ಕಂಬರ್ಡ್ ಆಗಬಹುದು.

ವೃತ್ತಿಗಳಲ್ಲಿ ಅರ್ಥ ಇನ್ನೂ ಬಿಗಿಯಾಗುತ್ತದೆ. ಅಮೆರಿಕದ ರಾಜ್ಯಗಳ ನರ್ಸಿಂಗ್ ಮಂಡಳಿಗಳು 'ಅನ್‌ಎನ್‌ಕಂಬರ್ಡ್ ಲೈಸೆನ್ಸ್' ಕೇಳುತ್ತವೆ. ಶಿಸ್ತುಕ್ರಮ, ಷರತ್ತು, ಅಮಾನತು ಯಾವುದೂ ಇಲ್ಲದ ಪರವಾನಗಿ ಎಂದರ್ಥ. ಸಾಲಕ್ಕೂ ಅದಕ್ಕೂ ಸಂಬಂಧವಿಲ್ಲ. ಅಲ್ಲಿನ ವಿಶ್ವವಿದ್ಯಾಲಯ, ಸರ್ಕಾರಿ ಕಚೇರಿಗಳ ಲೆಕ್ಕದಲ್ಲಿ 'ಎನ್‌ಕಂಬರ್ಡ್ ಫಂಡ್ಸ್' ಎಂದರೆ ಖರೀದಿ ಆದೇಶ ಹೊರಟಿದೆ, ಬಿಲ್ಲು ಇನ್ನೂ ಬಂದಿಲ್ಲ, ಅಷ್ಟು ಹಣವನ್ನು ಬೇರೆಯದಕ್ಕೆ ಮುಟ್ಟುವಂತಿಲ್ಲ ಎಂದು. ಕನ್ನಡದಲ್ಲಿ 'ಬದ್ಧವಾದ ಹಣ' ಎನ್ನಬಹುದು. ನಮ್ಮ ಷೇರುಪೇಟೆಯಲ್ಲಿ ಪ್ರವರ್ತಕರ ಷೇರು ಎನ್‌ಕಂಬರ್ಡ್ ಎಂದರೆ ಒತ್ತೆ ಇಟ್ಟದ್ದಷ್ಟೇ ಅಲ್ಲ, ಮಾರುವುದಿಲ್ಲ ಎಂದು ಸಾಲ ಕೊಟ್ಟವರಿಗೆ ಮುಚ್ಚಳಿಕೆ ಬರೆದುಕೊಟ್ಟದ್ದೂ ಸೇರುತ್ತದೆ. ಷೇರುಪೇಟೆಯ ನಿಯಂತ್ರಕ ಸೆಬಿಯ 2011ರ ನಿಯಮಗಳ ಪ್ರಕಾರ ಪ್ರವರ್ತಕರು ಇದನ್ನು ಬಹಿರಂಗಪಡಿಸಬೇಕು. ಬ್ಯಾಂಕುಗಳು ಕಾನೂನಿನಂತೆ ಕಾಯ್ದಿರಿಸುವ ಸರ್ಕಾರಿ ಸಾಲಪತ್ರಗಳೂ ಅನ್‌ಎನ್‌ಕಂಬರ್ಡ್ ಆಗಿರಬೇಕು, ಅಂದರೆ ಇನ್ನೆಲ್ಲೂ ಅಡ ಇಟ್ಟಿರಬಾರದು.

ಹೆದ್ದಾರಿ ಸುದ್ದಿಯಲ್ಲಿ ಪದ ತನ್ನ ಮೂಲ ಅರ್ಥಕ್ಕೆ ಮರಳುತ್ತದೆ. 'ಎನ್‌ಕಂಬ್ರನ್ಸ್ ಇಲ್ಲದ ಜಾಗ ಹಸ್ತಾಂತರವಾಗಿಲ್ಲ' ಎಂದರೆ ವಿದ್ಯುತ್ ಕಂಬ, ನೀರಿನ ಕೊಳವೆ, ಮರ, ಗುಡಿ, ಒತ್ತುವರಿ ಇನ್ನೂ ಅಲ್ಲೇ ಇವೆ ಎಂದು. ಅದನ್ನು 'ಋಣಭಾರವಿಲ್ಲದ ಜಮೀನು' ಎಂದು ಬರೆದ ವರದಿ ಓದುಗನನ್ನು ದಾರಿ ತಪ್ಪಿಸುತ್ತದೆ. 'ಅಡೆತಡೆ ತೆರವಾದ ಜಾಗ' ಎಂದರೆ ಸರಿ. ಆದರೆ 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯಲ್ಲಿ ಸ್ವಾಧೀನವಾದ ಭೂಮಿ 'ಎಲ್ಲ ಎನ್‌ಕಂಬ್ರನ್ಸ್‌ಗಳಿಂದ ಮುಕ್ತವಾಗಿ' ಕೇಂದ್ರ ಸರ್ಕಾರಕ್ಕೆ ಸೇರುತ್ತದೆ ಎನ್ನುವಾಗ ಅದು ಕಾನೂನಿನ ಅರ್ಥ: ಆ ಭೂಮಿಯ ಮೇಲೆ ಬೇರೆಯವರಿಗಿದ್ದ ಹಕ್ಕುಗಳು ಅಲ್ಲಿಗೆ ಮುಗಿದವು. ಒಂದೇ ಯೋಜನೆಯ ಎರಡು ಕಾಗದಗಳಲ್ಲಿ ಒಂದೇ ಪದಕ್ಕೆ ಎರಡು ಅರ್ಥ ಇರುವುದು ಹೀಗೆ.

'ಋಣಭಾರ' ಎಂಬ ಸರ್ಕಾರಿ ಪದದ ಬಗ್ಗೆ ಒಂದು ಮಾತು ಹೇಳಲೇಬೇಕು. ಸಾಲಕ್ಕೆ ಅದು ಚೆನ್ನಾಗಿ ಹೊಂದುತ್ತದೆ. ದಾರಿಯ ಹಕ್ಕು, ಜೀವನಾಂಶದ ಹಕ್ಕು, ಬಾಡಿಗೆದಾರನ ಹಕ್ಕು ಸಾಲಗಳಲ್ಲ, ಆದರೂ ಅವು ಎನ್‌ಕಂಬ್ರನ್ಸ್‌ಗಳೇ. ನಮ್ಮ ಶಾಸನಗಳಲ್ಲಿ ದತ್ತಿ ಭೂಮಿಯನ್ನು 'ಸರ್ವಬಾಧಾ ಪರಿಹಾರ'ವಾಗಿ ಕೊಟ್ಟರು ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ತೆರಿಗೆ, ಬಿಟ್ಟಿ, ಇನ್ನೊಬ್ಬರ ಹಕ್ಕೊತ್ತಾಯ ಯಾವುದೂ ತಾಗದಂತೆ ಎಂದು ಅದರ ಆಶಯ. 'ಬಾಧೆ' ಎಂಬ ಆ ಪದ ಎನ್‌ಕಂಬ್ರನ್ಸ್‌ಗೆ ಋಣಭಾರಕ್ಕಿಂತ ಹತ್ತಿರ ಎಂಬುದು ನಮ್ಮ ಖಚಿತ ಅಭಿಪ್ರಾಯ. ಕಚೇರಿಯಲ್ಲಿ ಋಣಭಾರ ಎಂದೇ ಬರೆಯಬೇಕು, ಆದರೆ ಓದುವಾಗ ಮನಸ್ಸಿನಲ್ಲಿ ಬಾಧೆ ಎಂದು ಓದಿಕೊಳ್ಳಿ. ಆಗ ಹುಡುಕಾಟ ಸಾಲಕ್ಕಷ್ಟೇ ನಿಲ್ಲುವುದಿಲ್ಲ.

ಉತ್ತರ ಕರ್ನಾಟಕದ ರೈತರು ಪಹಣಿಯಲ್ಲಿ ಏರಿದ ಸಾಲಕ್ಕೆ 'ಬೋಜಾ' ಎನ್ನುತ್ತಾರೆ: ಬೋಜಾ ಕೂತಿದೆ, ಬೋಜಾ ಕಡಿಮೆ ಮಾಡಿಸಬೇಕು. ಹಳೇ ಮೈಸೂರು ಕಡೆ ಸ್ಥಿರಾಸ್ತಿಯ ಅಡಮಾನಕ್ಕೆ 'ಆಧಾರ', ಸ್ವಾಧೀನ ಬಿಟ್ಟುಕೊಟ್ಟರೆ 'ಭೋಗ್ಯ'. ಕರಾವಳಿಯಲ್ಲಿ 'ಅಡವು' ಕೇಳುತ್ತೀರಿ. 'ಗಿರವಿ' ಹೆಚ್ಚಾಗಿ ಒಡವೆಗೆ. ಹಳೆಯ ಪತ್ರಗಳಲ್ಲಿ ಇವೇ ಪದಗಳಿರುತ್ತವೆ, ಎನ್‌ಕಂಬ್ರನ್ಸ್ ಎಂದು ಎಲ್ಲೂ ಬರೆದಿರುವುದಿಲ್ಲ.

ಕಾನೂನಿನಲ್ಲಿ ಪದ ಮಾಡುವ ಕೆಲಸ

ಎನ್‌ಕಂಬ್ರನ್ಸ್ ವ್ಯಕ್ತಿಯ ಬೆನ್ನು ಹತ್ತುವುದಿಲ್ಲ, ಆಸ್ತಿಯ ಬೆನ್ನು ಹತ್ತುತ್ತದೆ. ಮಾರಿದವರು ಊರು ಬಿಟ್ಟರೂ ಅದು ಹೊಸ ಮಾಲೀಕರ ಕೈಯಲ್ಲಿರುವ ಜಮೀನಿನ ಮೇಲೆಯೇ ಉಳಿಯುತ್ತದೆ. ಕೈಸಾಲಕ್ಕೂ ಆಧಾರ ಸಾಲಕ್ಕೂ ಇರುವ ಭೇದ ಇದು. ಮಾರುವವರಿಗೆ ಹತ್ತು ಜನರ ಕೈಸಾಲ ಇದ್ದರೂ ಆಸ್ತಿ ಎನ್‌ಕಂಬರ್ಡ್ ಅಲ್ಲ. ಸಾಲ ಕೊಟ್ಟವರು ಕೋರ್ಟಿನಿಂದ ಜಪ್ತಿ ತಂದ ದಿನದಿಂದ ಮಾತು ಬೇರೆ.

ಇನ್ನೊಂದು ಭೇದ: ಎನ್‌ಕಂಬ್ರನ್ಸ್ ಬೇರೆ, ಹಕ್ಕಿನ ದೋಷ ಬೇರೆ. ಆಸ್ತಿ ನಿಜವಾಗಿ ಮಾರುವವರದ್ದೇ, ಆದರೆ ಬ್ಯಾಂಕಿಗೆ ಅಡ ಇದೆ ಎಂದರೆ ಅದು ಎನ್‌ಕಂಬ್ರನ್ಸ್. ದುಡ್ಡು ಕಟ್ಟಿದರೆ ಕಳಚುತ್ತದೆ. ಅಕ್ಕತಂಗಿಯರ ಪಾಲನ್ನೂ ಸೇರಿಸಿ ಅಣ್ಣನೊಬ್ಬನೇ ಮಾರುತ್ತಿದ್ದಾನೆ ಎಂದರೆ ಅದು ಹಕ್ಕಿನ ದೋಷ, ಸಾಲ ತೀರಿತೆಂದು ಬ್ಯಾಂಕು ಬರೆದುಕೊಡುವ ಖುಲಾಸೆ ಪತ್ರದಿಂದ ಅದು ಸರಿಯಾಗುವುದಿಲ್ಲ.

ಕರಾರಿನಲ್ಲಿ 'ಮಾರಬಾರದು, ವರ್ಗಾಯಿಸಬಾರದು, ಎನ್‌ಕಂಬರ್ ಮಾಡಬಾರದು' ಎಂಬ ಸಾಲು ಬರುತ್ತದೆ. ಮೊದಲ ಎರಡಕ್ಕೆ ಕನ್ನಡದಲ್ಲಿ 'ಪರಭಾರೆ' ಎಂಬ ಸೊಗಸಾದ ಪದವಿದೆ. ಮೂರನೆಯದನ್ನು 'ಆಧಾರ, ಭೋಗ್ಯ ಇತ್ಯಾದಿ ಭಾರಕ್ಕೆ ಒಳಪಡಿಸಬಾರದು' ಎಂದು ಬಿಡಿಸಿ ಬರೆಯಬೇಕು. ಪರಭಾರೆ ಎಂಬ ಒಂದೇ ಪದದಲ್ಲಿ ಮೂರನ್ನೂ ಮುಗಿಸಿದರೆ 'ನಾನು ಮಾರಿಲ್ಲ, ಅಡ ಇಟ್ಟೆ ಅಷ್ಟೆ' ಎಂಬ ವಾದಕ್ಕೆ ಜಾಗ ಸಿಗುತ್ತದೆ.

ಮಾರುವವರ ಹೊಣೆ ಎಷ್ಟು ಎಂಬುದು ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಮಿನಲ್ಲಿದೆ. 'ಎನ್‌ಕಂಬ್ರನ್ಸ್‌ಗೆ ಒಳಪಟ್ಟು ಮಾರುತ್ತಿದ್ದೇನೆ' ಎಂದು ಬರೆಯದಿದ್ದರೆ, ಮಾರಾಟದ ದಿನ ಇರುವ ಎಲ್ಲ ಭಾರವನ್ನೂ ತೀರಿಸುವುದು ಮಾರುವವರ ಕೆಲಸ. ಅದೇ ಕಲಮು ಕೊಳ್ಳುವವರಿಗೂ ಒಂದು ಆಯುಧ ಕೊಡುತ್ತದೆ, ಜನ ಅದನ್ನು ಬಳಸುವುದು ಕಡಿಮೆ: ಭಾರವಿಲ್ಲ ಎಂದು ಹೇಳಿ ಮಾರಿದ ಆಸ್ತಿಯಲ್ಲಿ ಭಾರ ಕಂಡರೆ ಅಷ್ಟು ಮೊತ್ತವನ್ನು ಕ್ರಯದ ಹಣದಿಂದ ಹಿಡಿದಿಟ್ಟು, ಅದು ಸಲ್ಲಬೇಕಾದವರಿಗೇ ನೇರವಾಗಿ ಕಟ್ಟಬಹುದು. ಬ್ಯಾಂಕ್ ಸಾಲವಿರುವ ಮನೆ ಕೊಳ್ಳುವಾಗ ಪೂರ್ತಿ ಹಣ ಮಾರುವವರ ಕೈಗೆ ಕೊಟ್ಟು 'ನೀವೇ ಕಟ್ಟಿಬಿಡಿ' ಎನ್ನಬೇಡಿ. ಬ್ಯಾಂಕಿನಿಂದ ಬಾಕಿ ಮೊತ್ತದ ಪತ್ರ ತರಿಸಿ, ಆ ಮೊತ್ತಕ್ಕೆ ಬ್ಯಾಂಕಿನ ಸಾಲದ ಖಾತೆಯ ಹೆಸರಿಗೇ ಡಿಡಿ ತೆಗೆಯಿರಿ, ಉಳಿದದ್ದನ್ನು ಮಾತ್ರ ಮಾರುವವರಿಗೆ ಕೊಡಿ.

ಹಿಂದೆ ಇಡೀ ಜಹಗೀರುಗಳೇ ಈ ಪದದ ಅಡಿಯಲ್ಲಿ ಬಂದಿದ್ದವು. ಮಹಾಕ್ಷಾಮದ ಹೊತ್ತಿನಲ್ಲಿ ಐರ್ಲೆಂಡಿನಲ್ಲಿ ಸಾಲದಲ್ಲಿ ಮುಳುಗಿದ ಜಮೀನ್ದಾರಿಗಳನ್ನು ಮಾರಿ ಕೊಂಡವರಿಗೆ ಶುದ್ಧ ಹಕ್ಕು ಕೊಡಲು 1849ರಲ್ಲಿ ಎನ್‌ಕಂಬರ್ಡ್ ಎಸ್ಟೇಟ್ಸ್ ಕಾಯ್ದೆ ಬಂತು. ಇಂಡಿಯಾದಲ್ಲೂ ಛೋಟಾ ನಾಗ್ಪುರಕ್ಕೆ 1876ರಲ್ಲಿ, ಸಂಯುಕ್ತ ಪ್ರಾಂತ್ಯಕ್ಕೆ 1934ರಲ್ಲಿ ಅದೇ ಹೆಸರಿನ ಕಾಯ್ದೆಗಳಾದವು.

ಇಸಿ ತೆಗೆಸುವುದು

ಇಸಿ ಎಲ್ಲಿಂದ ಹುಟ್ಟುತ್ತದೆ ಎಂದು ತಿಳಿದರೆ ಅದರ ಮಿತಿಯೂ ತಿಳಿಯುತ್ತದೆ. 1908ರ ನೋಂದಣಿ ಕಾಯ್ದೆಯಂತೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಬೇರೆ ಬೇರೆ ಪುಸ್ತಕಗಳಿವೆ. ಸ್ಥಿರಾಸ್ತಿಯ ಪತ್ರಗಳು 1ನೇ ಪುಸ್ತಕದಲ್ಲಿ, ಉಯಿಲುಗಳು 3ನೇ ಪುಸ್ತಕದಲ್ಲಿ, ಇತರೆ ಪತ್ರಗಳು 4ನೇ ಪುಸ್ತಕದಲ್ಲಿ. 1ನೇ ಪುಸ್ತಕಕ್ಕೆ ಹೆಸರಿನ ಸೂಚಿ ಒಂದು, ಆಸ್ತಿಯ ಸೂಚಿ ಒಂದು. ನೀವು ಕೊಟ್ಟ ವಿವರವನ್ನು ಈ ಸೂಚಿಗಳಲ್ಲಿ ಹುಡುಕಿ ಸಿಕ್ಕದ್ದನ್ನು ಬರೆದುಕೊಟ್ಟದ್ದೇ ಇಸಿ. ಅದಕ್ಕಿಂತ ಹೆಚ್ಚಿನ ಭರವಸೆ ಅದರಲ್ಲಿಲ್ಲ.

ನೋಂದಣಿ ಮತ್ತು ಮುದ್ರಾಂಕ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಮೊಬೈಲ್ ಸಂಖ್ಯೆ ಕೊಟ್ಟು ಖಾತೆ ತೆರೆದು ಅರ್ಜಿ ಹಾಕಬಹುದು. 2004ರ ಏಪ್ರಿಲ್‌ನಿಂದ ಈಚಿನ ದಾಖಲೆ ಅಲ್ಲಿ ಸಿಗುತ್ತದೆ, ಅದಕ್ಕೂ ಹಿಂದಿನದಕ್ಕೆ ಸಂಬಂಧಪಟ್ಟ ಉಪನೋಂದಣಿ ಕಚೇರಿಗೆ ಅರ್ಜಿ ಕೊಟ್ಟು ಕೈಬರಹದ ಸೂಚಿಗಳಲ್ಲಿ ಹುಡುಕಿಸಬೇಕು. ಹಾಗಾಗಿ ಹಳೆಯ ಆಸ್ತಿಗೆ ಎರಡು ಇಸಿ ಇಟ್ಟುಕೊಳ್ಳುವುದು ಸಾಮಾನ್ಯ. ಎರಡರ ನಡುವೆ ಒಂದು ದಿನವೂ ಖಾಲಿ ಬಿಡದಂತೆ ತಾರೀಖು ನೋಡಿಕೊಳ್ಳಿ.

ಎಷ್ಟು ವರ್ಷದ್ದು ತೆಗೆಸಬೇಕು? ಬ್ರೋಕರ್‌ಗಳು 13 ವರ್ಷ ಸಾಕು ಎನ್ನುತ್ತಾರೆ, ವಕೀಲರು 30 ಕೇಳುತ್ತಾರೆ. ಎರಡಕ್ಕೂ 1963ರ ಕಾಲಮಿತಿ ಕಾಯ್ದೆಯಲ್ಲಿ ಕಾರಣ ಸಿಗುತ್ತದೆ. ಆಧಾರದ ಸಾಲವನ್ನು ಆಸ್ತಿಯಿಂದ ವಸೂಲಿ ಮಾಡಲು ದಾವೆ ಹೂಡಲು 12 ವರ್ಷ. ಆದರೆ ಆಧಾರ ಬರೆದುಕೊಟ್ಟವರು ಬಿಡಿಸಿಕೊಳ್ಳಲು ದಾವೆ ಹೂಡಲು 30 ವರ್ಷ, ಸರ್ಕಾರ ದಾವೆ ಹೂಡಲೂ 30 ವರ್ಷ. 25 ವರ್ಷದ ಹಿಂದೆ ಭೋಗ್ಯಕ್ಕೆ ಕೊಟ್ಟ ಜಮೀನನ್ನು ಭೋಗ್ಯದಾರರೇ ತಮ್ಮದೆಂದು ಮಾರುತ್ತಿದ್ದರೆ 13 ವರ್ಷದ ಇಸಿಯಲ್ಲಿ ಅದರ ಸುಳಿವೂ ಇರದು. 30 ವರ್ಷದ್ದೇ ತೆಗೆಸಿ, ಖರ್ಚಿನ ವ್ಯತ್ಯಾಸ ನೋಡಬೇಡಿ.

ಅರ್ಜಿಯಲ್ಲಿ ಆಸ್ತಿಯ ವಿವರ ತುಂಬುವುದು ನಿರ್ಣಾಯಕ ಹಂತ. ಸರ್ವೆ ನಂಬರು, ಹಿಸ್ಸಾ, ಸೈಟ್ ನಂಬರು, ಖಾತಾ ನಂಬರು, ಊರು, ಚಕ್ಕುಬಂದಿ ಎಲ್ಲವನ್ನೂ ಹಿಂದಿನ ನೋಂದಾಯಿತ ಪತ್ರ ಕೈಯಲ್ಲಿಟ್ಟುಕೊಂಡು ಅದರಲ್ಲಿರುವಂತೆಯೇ ತುಂಬಿ. ಪೋಡಿಯಾಗಿ ಸರ್ವೆ ನಂಬರ್ 45 ಎಂಬುದು 45/1, 45/2 ಆಗಿದ್ದರೆ ಮೂಲ ನಂಬರಿಗೂ ಹೊಸ ನಂಬರಿಗೂ ಬೇರೆ ಬೇರೆ ಹುಡುಕಿಸಬೇಕು. ಪೋಡಿಗೆ ಮುಂಚಿನ ಆಧಾರ ಹಳೆಯ ನಂಬರಿನ ಅಡಿಯಲ್ಲೇ ಕೂತಿರುತ್ತದೆ. ಪಂಚಾಯಿತಿ ಜಾಗ ನಗರಸಭೆಗೆ ಸೇರಿದಾಗ ಖಾತಾ ನಂಬರು ಬದಲಾಗುತ್ತದೆ, ಅಲ್ಲೂ ಹಳೆಯ ಮತ್ತು ಹೊಸ ನಂಬರು ಎರಡೂ ಬೇಕು. ಕಚೇರಿಯ ವ್ಯಾಪ್ತಿ ಬದಲಾಗಿದ್ದರೆ ಹಿಂದಿನ ಕಚೇರಿಯಲ್ಲೂ ಕೇಳಬೇಕು. ಹೆಸರಿನ ಕಾಗುಣಿತ ಇನ್ನೊಂದು ಗುಂಡಿ: ಸಿದ್ದಪ್ಪ, ಸಿದ್ಧಪ್ಪ, ಸಿದ್ರಾಮಪ್ಪ ಗಣಕಯಂತ್ರಕ್ಕೆ ಮೂವರು ಬೇರೆ ಬೇರೆ ಮನುಷ್ಯರು.

ನಮೂನೆ 15, ನಮೂನೆ 16

ವ್ಯವಹಾರ ಸಿಕ್ಕರೆ ನಮೂನೆ 15ರಲ್ಲಿ ಪಟ್ಟಿ ಕೊಡುತ್ತಾರೆ, ಏನೂ ಸಿಗದಿದ್ದರೆ ನಮೂನೆ 16. ಇಲ್ಲಿ ಎರಡು ತಪ್ಪು ತಿಳಿವಳಿಕೆಗಳಿವೆ.

ಮೊದಲನೆಯದು, ನಮೂನೆ 15 ಬಂತು ಎಂದರೆ ಆಸ್ತಿ ಎನ್‌ಕಂಬರ್ಡ್ ಎಂದು ಹೆದರುವುದು. ಆ ಪಟ್ಟಿಯಲ್ಲಿ ಕ್ರಯ, ದಾನ, ವಿಭಾಗ ಎಲ್ಲವೂ ಬರುತ್ತವೆ. ಅವು ಭಾರಗಳಲ್ಲ, ಹಕ್ಕು ಕೈಯಿಂದ ಕೈಗೆ ಹೋದ ದಾರಿ. ಬರಿಯ ಕ್ರಯಪತ್ರಗಳ ಸರಣಿ ಇರುವ ನಮೂನೆ 15 ಒಳ್ಳೆಯ ಇಸಿ.

ಎರಡನೆಯದು ಹೆಚ್ಚು ಅಪಾಯದ್ದು: ನಮೂನೆ 16 ಕಂಡೊಡನೆ ನಿಶ್ಚಿಂತರಾಗುವುದು. ಮಾರುವವರು 2012ರಲ್ಲಿ ಕೊಂಡೆ ಎನ್ನುತ್ತಾರೆ, ನೀವು 2004ರಿಂದ ಇಂದಿನವರೆಗೆ ಹುಡುಕಿಸಿದ್ದೀರಿ, ನಮೂನೆ 16 ಬಂದಿದೆ. ಹಾಗಾದರೆ ಅವರ 2012ರ ಕ್ರಯಪತ್ರ ಎಲ್ಲಿ ಹೋಯಿತು? ಒಂದೋ ಅದು ನೋಂದಣಿಯೇ ಆಗಿಲ್ಲ, ಇಲ್ಲವೇ ನೀವು ಹುಡುಕಿಸಿದ್ದು ಬೇರೆ ಆಸ್ತಿಯನ್ನು. ಅವಧಿಯೊಳಗೆ ಆಗಿರಲೇಬೇಕಾದ ಒಂದು ವ್ಯವಹಾರ ಇಸಿಯಲ್ಲಿ ಕಾಣದಿದ್ದರೆ ಆ ಇಸಿಯನ್ನು ಬದಿಗಿಟ್ಟು ವಿವರ ತಿದ್ದಿ ಮತ್ತೆ ಅರ್ಜಿ ಹಾಕಿ. ಇಸಿ ಸರಿಯಿದೆಯೇ ಎಂದು ಪರೀಕ್ಷಿಸಲು ಇದಕ್ಕಿಂತ ಸುಲಭ ಉಪಾಯವಿಲ್ಲ.

ನಮೂನೆ 15ನ್ನು ಕೆಳಗಿನಿಂದ ಮೇಲಕ್ಕಾಗಲಿ ಮೇಲಿನಿಂದ ಕೆಳಕ್ಕಾಗಲಿ ಓದಿ, ತಾರೀಖಿನ ಕ್ರಮ ಮಾತ್ರ ತಪ್ಪಬೇಡಿ. ಪ್ರತಿ ಸಾಲಿನಲ್ಲಿ ಆಸ್ತಿಯ ವಿವರ, ಬರೆದುಕೊಟ್ಟ ದಿನಾಂಕ, ಪತ್ರದ ಬಗೆ ಮತ್ತು ಮೊತ್ತ, ಬರೆದುಕೊಟ್ಟವರು, ಬರೆಸಿಕೊಂಡವರು, ದಸ್ತಾವೇಜು ಸಂಖ್ಯೆ ಇರುತ್ತವೆ. ಒಂದು ಕ್ರಯದಲ್ಲಿ ಬರೆಸಿಕೊಂಡವರೇ ಮುಂದಿನ ಕ್ರಯದಲ್ಲಿ ಬರೆದುಕೊಟ್ಟವರಾಗಿರಬೇಕು. ನಡುವೆ ಕೊಂಡಿ ತಪ್ಪಿದರೆ ಉಯಿಲೋ ಪೌತಿಯೋ (ಮಾಲೀಕರು ತೀರಿಕೊಂಡು ವಾರಸುದಾರರಿಗೆ ಬಂದದ್ದು) ಇರಬಹುದು, ಅದರ ಕಾಗದ ಕೇಳಿ. ಆಮೇಲೆ ಆಧಾರ, ಭೋಗ್ಯ, ಹಕ್ಕುಪತ್ರ ಠೇವಣಿ ಎಂದಿರುವ ಪ್ರತಿ ಸಾಲಿಗೂ ಪೆನ್ಸಿಲ್ ಗುರುತು ಹಾಕಿ, ಅದಕ್ಕೆ ಜೋಡಿಯಾದ ಖುಲಾಸೆ ಪತ್ರ ಮುಂದೆಲ್ಲಾದರೂ ಇದೆಯೇ ಹುಡುಕಿ. ಜೋಡಿ ಸಿಗದ ಆಧಾರವೇ ಇನ್ನೂ ಜೀವಂತ ಇರುವ ಎನ್‌ಕಂಬ್ರನ್ಸ್.

ಖುಲಾಸೆ ಪತ್ರದಲ್ಲಿ ಎಡವುವುದು ಸುಲಭ. ಅಣ್ಣತಮ್ಮಂದಿರು ತಮ್ಮ ಪಾಲು ಬಿಟ್ಟುಕೊಡುವ ಪತ್ರಕ್ಕೂ 'ರಿಲೀಸ್' ಎನ್ನುತ್ತಾರೆ, ಬ್ಯಾಂಕು ಆಧಾರ ಬಿಡುವುದಕ್ಕೂ ಅದೇ ಮಾತು ಬಳಕೆಯಲ್ಲಿದೆ. ಬರೆದುಕೊಟ್ಟವರ ಹೆಸರು ನೋಡಿ. ಬ್ಯಾಂಕೋ ಸಹಕಾರ ಸಂಘವೋ ಆಗಿದ್ದರೆ ಸಾಲ ಕಳೆದಿದೆ. ಮನೆಯವರ ಹೆಸರಿದ್ದರೆ ಅದು ಹಕ್ಕು ಖುಲಾಸೆ, ಸಾಲ ಹಾಗೇ ಇದೆ.

'ಸಾಲ ತೀರಿದೆ, ಬ್ಯಾಂಕಿನ ಪತ್ರ ಇಲ್ಲಿದೆ ನೋಡಿ' ಎಂದು ಮಾರುವವರು ತೋರಿಸುವ ಬಾಕಿಯಿಲ್ಲ ಎಂಬ ಪತ್ರ ಇಸಿಯನ್ನು ಬದಲಿಸುವುದಿಲ್ಲ. ನೋಂದಣಿಯಾದ ಆಧಾರ ನೋಂದಣಿಯಾದ ಖುಲಾಸೆಯಿಂದಲೇ ಇಸಿಯಲ್ಲಿ ಕಳೆಯಬೇಕು. ಸಾಲ ತೀರಿದ 30 ದಿನದೊಳಗೆ ಮೂಲಪತ್ರ ಹಿಂದಿರುಗಿಸಿ, ನೋಂದಾಯಿಸಿದ ಭಾರವನ್ನೂ ತೆಗೆಸಬೇಕೆಂದು ರಿಸರ್ವ್ ಬ್ಯಾಂಕ್ 2023ರಲ್ಲಿ ಆದೇಶಿಸಿದೆ. ಅದು ಆ ವರ್ಷದ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಬ್ಯಾಂಕಿನ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. ಮಾರುವವರು 'ಬ್ಯಾಂಕಿನವರು ಸತಾಯಿಸುತ್ತಿದ್ದಾರೆ' ಎಂದು ತಿಂಗಳುಗಟ್ಟಲೆ ಹೇಳಿದರೆ ಈ ಆದೇಶ ನೆನಪಿಸಿ.

ಇಸಿಗೆ ಕಾಣದ ಭಾರಗಳು

ಇಲ್ಲೇ ಹೆಚ್ಚು ಜನ ಸಿಕ್ಕಿಬೀಳುವುದು. ನೋಂದಣಿಯಾಗದ ಯಾವುದೂ ಇಸಿಯಲ್ಲಿ ಇರುವುದಿಲ್ಲ, ನೋಂದಣಿಯಾದರೂ 3 ಅಥವಾ 4ನೇ ಪುಸ್ತಕಕ್ಕೆ ಹೋದದ್ದೂ ಇರುವುದಿಲ್ಲ. ಉಯಿಲು ಹಾಗೆ. 4ನೇ ಪುಸ್ತಕದಲ್ಲಿ ದಾಖಲಾದ ಜಿಪಿಎ, ಅಂದರೆ ಇನ್ನೊಬ್ಬರಿಗೆ ಬರೆದುಕೊಟ್ಟ ಅಧಿಕಾರ ಪತ್ರ, ಹಾಗೆ.

ಮೂಲಪತ್ರ ಬ್ಯಾಂಕಿನಲ್ಲಿಟ್ಟು ಪಡೆದ ಸಾಲಕ್ಕೆ ನೋಂದಾಯಿತ ಪತ್ರ ಇರಲೇಬೇಕೆಂದಿಲ್ಲ, ಮೂಲಪತ್ರ ಒಪ್ಪಿಸಿದರೆ ಅಡಮಾನ ಆದಂತೆಯೇ. ಅದಕ್ಕೇ ಕ್ರಯಪತ್ರದ ಮೂಲಪ್ರತಿಯನ್ನು ಕಣ್ಣಾರೆ ನೋಡಬೇಕು, ಜೆರಾಕ್ಸ್ ಅಥವಾ ದೃಢೀಕೃತ ನಕಲು ಒಪ್ಪಬಾರದು. 'ಮೂಲಪತ್ರ ಕಳೆದುಹೋಗಿದೆ' ಎಂದರೆ ಅದು ಬ್ಯಾಂಕಿನ ಲಾಕರಿನಲ್ಲಿದೆ ಎಂದೇ ಅನುಮಾನಿಸಿ ಮುಂದುವರಿಯಿರಿ. 2011ರಿಂದ ಕೆಲಸ ಮಾಡುತ್ತಿರುವ ಸೆರ್ಸಾಯ್ ಎಂಬ ಕೇಂದ್ರ ನೋಂದಣಿ ವ್ಯವಸ್ಥೆಯಲ್ಲಿ ಬ್ಯಾಂಕುಗಳು ಇಂಥ ಅಡಮಾನಗಳನ್ನು ದಾಖಲಿಸುತ್ತವೆ. ಸಣ್ಣ ಶುಲ್ಕ ಕಟ್ಟಿ ಯಾರು ಬೇಕಾದರೂ ಅಲ್ಲಿ ಹುಡುಕಬಹುದು. ಇಸಿಯ ಜೊತೆ ಇದನ್ನೂ ಮಾಡಿಸಿ.

ಹೊಲ, ತೋಟಕ್ಕೆ ಪಹಣಿಯ 11ನೇ ಕಾಲಂ ನೋಡದೆ ಮುಂಗಡ ಕೊಡಬೇಡಿ. ಇತರೆ ಹಕ್ಕುಗಳು ಮತ್ತು ಋಣಗಳು ಎಂಬ ಆ ಕಾಲಮಿನಲ್ಲಿ ಸೊಸೈಟಿಯ ಬೆಳೆಸಾಲ, ಬ್ಯಾಂಕಿನ ಹೆಸರು, ಮೊತ್ತ, ಎಂಆರ್ (ಹಕ್ಕು ಬದಲಾವಣೆ ದಾಖಲೆಯ) ಸಂಖ್ಯೆ ಇರುತ್ತವೆ. ಬೆಳೆಸಾಲ ಪಹಣಿಯಲ್ಲಿದ್ದು ಇಸಿಯಲ್ಲಿ ಇರದಿರಬಹುದು, ಹಳೆಯ ಆಧಾರ ಇಸಿಯಲ್ಲಿದ್ದು ಪಹಣಿಯಲ್ಲಿ ಇರದಿರಬಹುದು. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಬೇಕು. ಸಾಲ ತೀರಿಸಿದ ರೈತರು ಬೋಜಾ ಕಡಿಮೆ ಮಾಡಿಸದೆ ಬಿಟ್ಟಿರುವುದೂ ಉಂಟು. ಆಗ ಸೊಸೈಟಿಯ ತೀರುವಳಿ ಪತ್ರ ತಂದು ಕ್ರಯಕ್ಕೆ ಮುಂಚೆಯೇ 11ನೇ ಕಾಲಂ ಶುದ್ಧ ಮಾಡಿಸಲಿ.

ಬೆಂಗಳೂರಿನಂಥ ಊರಲ್ಲಿ ಮನೆಯನ್ನು ಲಕ್ಷಾಂತರ ರೂಪಾಯಿ ಮುಂಗಡಕ್ಕೆ ಎರಡು-ಮೂರು ವರ್ಷ ಭೋಗ್ಯಕ್ಕೆ ಕೊಡುವುದು ರೂಢಿ. ಒಂದು ವರ್ಷ ಮೀರಿದ ಗುತ್ತಿಗೆ ನೋಂದಣಿಯಾಗಬೇಕೆಂದು ಕಾಯ್ದೆ ಹೇಳಿದರೂ ಬಹಳಷ್ಟು ಕರಾರುಗಳು ಛಾಪಾ ಕಾಗದದಲ್ಲೇ ಉಳಿಯುತ್ತವೆ. ಮನೆ ಕೊಂಡ ಮೇಲೆ ಒಳಗಿರುವವರು 'ಹತ್ತು ಲಕ್ಷ ಕೊಡಿ, ಖಾಲಿ ಮಾಡುತ್ತೇವೆ' ಎನ್ನುತ್ತಾರೆ. ಮನೆಯೊಳಗೆ ಯಾರಿದ್ದಾರೆ, ಯಾವ ಕರಾರಿನ ಮೇಲೆ ಇದ್ದಾರೆ ಎಂದು ಅವರನ್ನೇ ನೇರವಾಗಿ ಕೇಳುವುದೊಂದೇ ದಾರಿ.

20 ವರ್ಷ ತಡೆಯಿಲ್ಲದೆ ನಡೆದ ದಾರಿಯ ಹಕ್ಕು, ಬಾಕಿ ಕಂದಾಯ, ಕೋರ್ಟಿನಲ್ಲಿರುವ ದಾವೆ, ಹೆಂಡತಿಮಕ್ಕಳ ಜೀವನಾಂಶದ ಹಕ್ಕು ಇವಕ್ಕೂ ಇಸಿ ಕುರುಡು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾಗಿದ್ದರೆ ಇನ್ನೂ ಎಚ್ಚರ ಬೇಕು. 1978ರ ಪಿಟಿಸಿಎಲ್ ಕಾಯ್ದೆಯಂತೆ ಸರ್ಕಾರದ ಅನುಮತಿಯಿಲ್ಲದೆ ಆದ ಮಾರಾಟ ಅನೂರ್ಜಿತ. ಇಸಿಯಲ್ಲಿ ಆ ಮಾರಾಟ ಅಚ್ಚುಕಟ್ಟಾಗಿ ಕಾಣುತ್ತದೆ, ಅನೂರ್ಜಿತ ಎಂಬುದು ಮಾತ್ರ ಕಾಣುವುದಿಲ್ಲ. ಮೂಲ ಮಂಜೂರಾತಿ ಕಡತ ತಾಲ್ಲೂಕು ಕಚೇರಿಯಲ್ಲಿ ತೆಗೆಸಿ ನೋಡಲೇಬೇಕು.

ತಾರೀಖಿನ ಸಂದು ಕೊನೆಯದು. ಬರೆದ ಪತ್ರವನ್ನು ನೋಂದಣಿಗೆ ಹಾಜರುಪಡಿಸಲು ಕಾಯ್ದೆ 4 ತಿಂಗಳು ಕೊಡುತ್ತದೆ, ದಂಡ ಕಟ್ಟಿದರೆ ಮತ್ತೆ 4 ತಿಂಗಳು. ನೋಂದಣಿಯಾದ ಮೇಲೆ ಅದು ಬರೆದ ದಿನದಿಂದಲೇ ಜಾರಿಗೆ ಬರುತ್ತದೆ. ಅಂದರೆ ಹೋದ ತಿಂಗಳು ಇನ್ನೊಬ್ಬರಿಗೆ ಬರೆದುಕೊಟ್ಟ ಪತ್ರ ಇಂದಿನ ಇಸಿಯಲ್ಲಿ ಇಲ್ಲದೆ, ನಿಮ್ಮ ನೋಂದಣಿಯ ನಂತರ ಎದ್ದು ಬಂದು ನಿಮ್ಮದಕ್ಕಿಂತ ಮೊದಲ ಸ್ಥಾನ ಕೇಳಬಹುದು. ಕರಾರಿನ ಹೊತ್ತಿಗೆ ಒಂದು ಇಸಿ, ನೋಂದಣಿಯ ಹಿಂದಿನ ದಿನ ಇನ್ನೊಂದು, ನೋಂದಣಿಯಾಗಿ ಎಂಟು ತಿಂಗಳು ಕಳೆದ ಮೇಲೆ ನಿಮ್ಮ ಹೆಸರಿನ ಸಾಲು ಬಂದಿರುವ ಮೂರನೆಯದು, ಹೀಗೆ ಮೂರು ಸಲ ತೆಗೆಸಿ.

ಕ್ರಯಪತ್ರದ ಸಾಲು

ಕೊನೆಗೆ ಪತ್ರ ಬರೆಸುವಾಗ 'ಎಲ್ಲ ಋಣಭಾರಗಳಿಂದ ಮುಕ್ತ' ಎಂಬ ಒಂದೇ ಮಾತಿಗೆ ಒಪ್ಪಬೇಡಿ. ಹಳೆಯ ಪತ್ರಬರಹಗಾರರು ಒಂದೊಂದನ್ನೂ ಹೆಸರಿಸುತ್ತಿದ್ದರು, ಆ ಪದ್ಧತಿಯೇ ಮೇಲು: 'ಸದರಿ ಸ್ವತ್ತಿನ ಮೇಲೆ ಯಾವುದೇ ಆಧಾರ, ಭೋಗ್ಯ, ಕ್ರಯದ ಕರಾರು, ಜಾಮೀನು, ಜಪ್ತಿ, ಜೀವನಾಂಶದ ಹಕ್ಕು, ಮೈನರ್ ಹಕ್ಕು, ಬಾಡಿಗೆ ಅಥವಾ ಗುತ್ತಿಗೆಯ ಹಕ್ಕು, ಕೋರ್ಟ್ ವ್ಯಾಜ್ಯ, ಸರ್ಕಾರಿ ಬಾಕಿ ಇರುವುದಿಲ್ಲ. ಮುಂದೆ ಇಂಥ ತಂಟೆ ತಕರಾರು ಕಂಡುಬಂದಲ್ಲಿ ನನ್ನ ಸ್ವಂತ ಖರ್ಚಿನಿಂದ ಪರಿಹರಿಸಿಕೊಡುತ್ತೇನೆ, ತಪ್ಪಿದಲ್ಲಿ ನಿಮಗಾಗುವ ನಷ್ಟವನ್ನು ತುಂಬಿಕೊಡುತ್ತೇನೆ.' ಯಾವುದಾದರೂ ಭಾರ ಉಳಿಸಿಕೊಂಡೇ ಕೊಳ್ಳುತ್ತಿದ್ದರೆ, ಉದಾಹರಣೆಗೆ ಪಕ್ಕದ ಹೊಲದವರ ಬಂಡಿದಾರಿ, ಅದನ್ನು ಅಳತೆಯ ಸಮೇತ ಬರೆಸಿ: ಯಾವ ದಿಕ್ಕಿನಲ್ಲಿ, ಎಷ್ಟು ಅಡಿ ಅಗಲ, ಯಾರ ಬಳಕೆಗೆ.